ಸುಲೈಮಾನ್ ಬ್ಯಾರಿಯ ಗಾಳಿಗಿರಣಿ

ಬಂಟ್ವಾಳ ಪೇಟೆಯಲ್ಲಿ ಆ ಕಾಲಕ್ಕೆ ಶನಿವಾರ ಬೆಳಿಗ್ಗೆ ಮೆಟ್ಟಿಲು ತಿಕ್ಕುವ ಗಂಡಸು ಒಬ್ಬರೇ ಇದ್ದರು. ನನ್ನ ಹೊಲಿಗೆ ಅಂಗಡಿಯ ಎದುರಿನ ಚಾ ಹೋಟೆಲಿನ ಸುಲೈಮಾನ್ ಬ್ಯಾರಿಗಳು. ಲುಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ತೆಂಗಿನ ಸಿಪ್ಪೆಗೆ ಬೂದಿ ಹಚ್ಚಿ, ಹೋಟೆಲಿನ ಮುಂದಿನ ಕಲ್ಲಿನ ಮೆಟ್ಟಿಲನ್ನು ಏದುಸಿರು ಬಿಡುತ್ತ ತಿಕ್ಕುತ್ತಿದ್ದರು. ಹೋಟೆಲಿನ ಹಿಂಭಾಗದಲ್ಲೇ ಮನೆ. ಹೆಂಡತಿ ಸೈನಬ, ಮಗಳು ಸಾಲಿಹಾ ಇಬ್ಬರೂ ಒಳಗೇ ಇರುತ್ತಿದ್ದರು. ಆದರೂ ಈ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಮೆಟ್ಟಿಲು ಒಣಗುವ ತನಕ ಗಿರಾಕಿಗಳು ಬೀದಿಯಲ್ಲೇ ನಿಲ್ಲಬೇಕು. ಚಾ ತಡವಾಯಿತೆಂದು ಯಾರಾದರೂ ಗೊಣಗಿದರೆ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತಿತ್ತು.

“ಸ್ಕೀಡಾಮಿನಲ್ಲಿ ಶನಿವಾರ ಮೆಟ್ಟಿಲು ತೊಳೆಯದ ಮನೆಗೆ ಪೋಸ್ಟಿನವನೂ ಮರ್ಯಾದೆ ಕೊಡುವುದಿಲ್ಲ, ಗೊತ್ತುಂಟಾ?”

ಸ್ಕೀಡಾಮ್ ಎಂದರೆ ಹಾಲೆಂಡ್ ದೇಶದ ಒಂದು ಸಣ್ಣ ಪೇಟೆ. ಬಂಟ್ವಾಳದಲ್ಲಿ ಹುಟ್ಟಿ ಬೆಳೆದ ನನಗೆ ಬೆಂಗಳೂರಿನ ಬೀದಿಗಳು ಗೊತ್ತಿಲ್ಲ, ಮದ್ರಾಸನ್ನು ಕಂಡದ್ದಿಲ್ಲ. ಆದರೆ ಸ್ಕೀಡಾಮಿನಲ್ಲಿ ಬಿಟ್ಟರೆ ದಾರಿ ತಪ್ಪಲಾರೆ. ಅಷ್ಟು ವರ್ಷ ಹೊಲಿಗೆ ಯಂತ್ರ ತುಳಿಯುತ್ತ ಎದುರು ಹೋಟೆಲಿನಿಂದ ಬರುವ ಆ ಊರಿನ ವರ್ಣನೆಯನ್ನು ಕೇಳಿದ್ದೇನೆ. ನನಗೆ ಸಿಟ್ಟು ಬೇಗ ಬರುತ್ತದೆ, ಶೇಖರನ ಬಾಯಿಗಿಂತ ಸೂಜಿ ವಾಸಿ ಎಂದು ಪೇಟೆಯಲ್ಲಿ ಹೇಳುತ್ತಾರೆ. ಆದರೆ ಸುಲೈಮಾನ್ ಬ್ಯಾರಿಗಳು ಊರು ಬಿಡಿಸಿ ಹೇಳುವುದನ್ನು ಕೇಳುತ್ತ ನಾನು ಒಂದು ದಿನವೂ ಸಿಟ್ಟಾದದ್ದಿಲ್ಲ.

ಅವರು ಅಲ್ಲಿಗೆ ಹೋದದ್ದು ಬೇಕೆಂದು ಅಲ್ಲ. ಎರಡನೇ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲು, ಮೀಸೆ ಚಿಗುರಿದ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ ಒಂದು ಸರಕಿನ ಹಡಗಿನಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದರು. ಹಡಗು ರೋಟರ್‌ಡಾಮ್ ಬಂದರಿನಲ್ಲಿ ನಿಂತಾಗ ಗಂಜಿಯ ಪಾತ್ರೆ ಹೊತ್ತು ಏಣಿ ಇಳಿಯುತ್ತ ಜಾರಿ ಬಿದ್ದು ಕಾಲು ಮುರಿಯಿತು. ಹಡಗು ಅವರನ್ನು ಬಿಟ್ಟು ಹೋಯಿತು. ಬಂದರಿನ ವಸತಿಯಲ್ಲಿ ಜಾಗವಿರಲಿಲ್ಲವಾದ್ದರಿಂದ ಹಡಗಿನ ಏಜೆಂಟನು ಇವರನ್ನು ಪಕ್ಕದ ಊರಾದ ಸ್ಕೀಡಾಮಿನ ಒಬ್ಬಳು ಮುದುಕಿಯ ಮನೆಯಲ್ಲಿ ಇರಿಸಿದನು. ವಿಧವೆ, ಹೆಸರು ನೆಲ್. ಬ್ಯಾರಿಗಳು ಆಕೆಯನ್ನು ನೆಲ್ಲಮ್ಮ ಎಂದು ಕರೆದರು. ಆ ಮನೆಯಲ್ಲಿ ಅವರು ಒಂದಿಡೀ ಚಳಿಗಾಲವನ್ನೂ ಮುಂದಿನ ಬೇಸಗೆಯನ್ನೂ ಕಳೆದರು.

ನೆಲ್ಲಮ್ಮ ಇವರಿಗೆಂದೇ ಒಂದು ಪಾತ್ರೆಯನ್ನು ಬೇರೆ ಇಟ್ಟಿದ್ದಳು, ಅದರಲ್ಲಿ ಹಂದಿ ಬೇಯಿಸುತ್ತಿರಲಿಲ್ಲ. ಕಾಲು ಸ್ವಲ್ಪ ನೆಟ್ಟಗಾದ ಮೇಲೆ ಬ್ಯಾರಿಗಳು ಅದೇ ಪಾತ್ರೆಯಲ್ಲಿ ಮೀನು ಸಾರು ಮಾಡಿ ಅವಳಿಗೂ ಅವಳ ಇಬ್ಬರು ಗಂಡುಮಕ್ಕಳಿಗೂ ಬಡಿಸಿದರು. ಮಕ್ಕಳು ಕಣ್ಣೀರು ಸುರಿಸುತ್ತ ಉಂಡು ಇನ್ನೊಮ್ಮೆ ತಟ್ಟೆ ಚಾಚಿದರಂತೆ. ಅವರಿಬ್ಬರೂ ಊರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಯಾವ ಕಾರ್ಖಾನೆ ಎಂದು ನಾವು ಯಾರೂ ಕೇಳಲಿಲ್ಲ, ಕಾರ್ಖಾನೆ ಎಂದರೆ ನಮಗೆ ಹಂಚಿನದೇ.

“ನೆಲ್ಲಮ್ಮನಿಗೆ ಎಷ್ಟು ಪ್ರಾಯ?” ಎಂದು ಸೈನಬ ಮದುವೆಯಾದ ಹೊಸತರಲ್ಲಿ ಕೇಳಿದ್ದಳಂತೆ. “ನನ್ನ ಉಮ್ಮನ ಪ್ರಾಯ” ಎಂದಿದ್ದರು. ಆಮೇಲೆ ಪ್ರತಿ ವರ್ಷ ಒಂದು ಸಲವಾದರೂ ಆ ಪ್ರಶ್ನೆ ಬರುತ್ತಿತ್ತಂತೆ. ಉತ್ತರ ಬದಲಾಗುತ್ತದೋ ಎಂದು ನೋಡಲಿಕ್ಕೆ ಇರಬೇಕು.

ಹೋಟೆಲಿನಲ್ಲಿ ಊರಿನ ವರ್ಣನೆ ಹೀಗೆ ಶುರುವಾಗುತ್ತಿತ್ತು.

“ರೋಟರ್‌ಡಾಮ್ ಅಂದ್ರೆ ಅವರ ಮಂಗಳೂರು. ಸ್ಕೀಡಾಮ್ ಅಂದ್ರೆ ಅವರ ಬಂಟ್ವಾಳ. ನಡುವೆ ಟ್ರಾಮ್ ಉಂಟು. ಬೆಳಿಗ್ಗೆ ಅರ್ಧ ಊರು ಟ್ರಾಮ್ ಹತ್ತಿ ಅಲ್ಲಿಗೆ ಕೆಲಸಕ್ಕೆ ಹೋಗ್ತದೆ, ಸಂಜೆ ಬರ್ತದೆ. ಆದರೆ ನೀವು ರೋಟರ್‌ಡಾಮಿನವರಾ ಅಂತ ಕೇಳಿ ನೋಡಿ. ಮುಖ ಕೆಂಪಾಗ್ತದೆ. ಅವರಿಗೆ ಅವರದ್ದೇ ಮೇಯರ್, ಅವರದ್ದೇ ಆಪೀಸು, ಅವರದ್ದೇ ಗಂಟೆ. ನಾವು ಮಾತ್ರ ಹೊರಗೆ ಹೋದಾಗ ಮಂಗಳೂರು ಕಡೆಯವರು ಅಂತ ಹೇಳ್ತೇವೆ. ನಾಚಿಕೆ ಆಗಬೇಕು.”

ನಮಗೆ ನಾಚಿಕೆ ಆಗುತ್ತಿರಲಿಲ್ಲ, ಇನ್ನೊಂದು ಚಾ ಬರುತ್ತಿತ್ತು. ಆಮೇಲೆ ಸೇತುವೆ: ದೋಣಿ ಬಂದಾಗ ಸೇತುವೆಯೇ ಎದ್ದು ನಿಲ್ಲುತ್ತದೆ, ಸೈಕಲಿನವರು, ಪಾದ್ರಿ, ಪೊಲೀಸ್ ಎಲ್ಲರೂ ಸಾಲಾಗಿ ಕಾಯುತ್ತಾರೆ. ಕಿಟಕಿ: ಸಂಜೆ ದೀಪ ಹಚ್ಚಿದರೂ ಪರದೆ ಎಳೆಯುವುದಿಲ್ಲ, ಯಾರ ಮನೆಯಲ್ಲಿ ಯಾರು ಏನು ಉಣ್ಣುತ್ತಾರೆಂದು ಬೀದಿಯಿಂದಲೇ ಕಾಣುತ್ತದೆ. ಆಮೇಲೆ ನೀರು. ಊರಿನ ಹೊರಗೆ ಹೊಲಗಳು ಕಾಲುವೆಗಿಂತ ಕೆಳಗಿವೆ, ದಂಡೆ ಕಟ್ಟಿ ನೀರನ್ನು ಮೇಲೆ ಹಿಡಿದಿದ್ದಾರೆ. ದನ ಕೆಳಗೆ ಮೇಯುತ್ತದೆ, ದೋಣಿ ಅದರ ತಲೆಯಿಂದ ಎತ್ತರದಲ್ಲಿ ಹೋಗುತ್ತದೆ.

ಈ ನೀರಿನ ಜಾಗ ಬಂದಾಗ ಹೋಟೆಲಿನಲ್ಲಿ ನಗು ಏಳುತ್ತಿತ್ತು. ನಮ್ಮದು ನೇತ್ರಾವತಿಯ ದಂಡೆ. ಮಳೆ ಜೋರಾಗುವ ಆಟಿ ತಿಂಗಳಲ್ಲಿ ನದಿ ಪೇಟೆಯೊಳಗೆ ಬಂದು ಅಂಗಡಿ ಅಂಗಡಿ ವಿಚಾರಿಸಿಕೊಂಡು ಹೋಗುತ್ತದೆ. ನಾವು ಬಟ್ಟೆ, ಅಕ್ಕಿ, ಬೆಲ್ಲ ಎಲ್ಲವನ್ನೂ ಅಟ್ಟಕ್ಕೆ ಏರಿಸಿ, ನಾವೂ ಏರಿ, ಇಸ್ಪೀಟು ಆಡುತ್ತ ಕೂರುತ್ತೇವೆ. ನೀರನ್ನು ಮೇಲೆ ನಿಲ್ಲಿಸಿ ತಾವು ಕೆಳಗೆ ಕೂರುವ ಜನ ಇದ್ದಾರೆಂದರೆ ಬಂಟ್ವಾಳದವರು ನಂಬುವುದು ಹೇಗೆ?

ಡೊಂಬಯ್ಯನಂತೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಪುಂಜಾಲಕಟ್ಟೆಯಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ವೀಳ್ಯದೆಲೆ ಕಟ್ಟು ತರುವವನು. ಎಲೆ ಅರ್ಧ ಗಂಟೆಯಲ್ಲಿ ಮಾರಿ ಮುಗಿಯುತ್ತಿತ್ತು, ಮಾತು ಮಧ್ಯಾಹ್ನದವರೆಗೆ.

“ನೀರು ಕೆಳಗೆ ಬೀಳುವುದಿಲ್ವಾ ಬ್ಯಾರಿ? ಅದನ್ನೂ ನೆಲ್ಲಮ್ಮ ಬಯ್ದು ನಿಲ್ಲಿಸಿದ್ದಾಳಾ?”

“ಬೀಳ್ತದೆ. ಬಿದ್ದದ್ದನ್ನು ಎತ್ತಿ ಹೊರಗೆ ಹಾಕ್ತಾರೆ.”

“ಯಾರು?”

“ಮಿಲ್ಲು. ಗಾಳಿಗೆ ತಿರುಗುವ ಮಿಲ್ಲು. ಅದು ಹೊಲದಲ್ಲಿ. ಊರಿನ ಒಳಗೆ ಇರುವ ಮಿಲ್ಲುಗಳು ಬೇರೆ. ಅಷ್ಟು ಎತ್ತರದ ಗಾಳಿಮಿಲ್ಲು ಲೋಕದಲ್ಲಿ ಬೇರೆ ಇಲ್ಲ. ಸುತ್ತ ಮನೆ ಉಂಟಲ್ಲ, ಮಾಡಿನ ಮೇಲೆ ಗಾಳಿ ಸಿಗಬೇಕಾದರೆ ಅಷ್ಟು ಎತ್ತರ ಬೇಕು.”

“ಊರಿನ ಒಳಗೆ ಏನು ಬೀಸ್ತದೆ ಅದು?”

ಇಲ್ಲಿ, ಯಾವಾಗಲೂ ಇದೇ ಜಾಗದಲ್ಲಿ, ಸುಲೈಮಾನ್ ಬ್ಯಾರಿಗಳ ಮಾತು ಎಡವುತ್ತಿತ್ತು. “ಧಾನ್ಯ” ಎನ್ನುತ್ತಿದ್ದರು. ಯಾವ ಧಾನ್ಯ, ಅಷ್ಟು ಹಿಟ್ಟು ಆ ಸಣ್ಣ ಊರಿಗೆ ಯಾಕೆ, ರೊಟ್ಟಿ ತಿಂದೇ ಸಾಯುತ್ತಾರಾ ಎಂದು ಡೊಂಬಯ್ಯ ಎಳೆದರೆ, ಅವರು ಹೆಗಲಿನ ಬಟ್ಟೆ ತೆಗೆದು ಒಲೆಯ ಕಡೆ ಹೋಗಿಬಿಡುತ್ತಿದ್ದರು. ಕುದಿಯದ ನೀರು ಕುದಿಯಿತೇ ಎಂದು ನೋಡಲಿಕ್ಕೆ. ಹಿಂದಿನಿಂದ ಎಲ್ಲರೂ ಒಬ್ಬರನ್ನೊಬ್ಬರು ನೋಡಿ ಕಣ್ಣು ಮಿಟುಕಿಸುತ್ತಿದ್ದರು. ಒಂದು ಪ್ರಶ್ನೆಗೆ ಹೀಗೆ ತಡವರಿಸುವ ಮನುಷ್ಯ ಉಳಿದದ್ದನ್ನು ಎಲ್ಲಿಂದ ಕಂಡಾನು? ಹಡಗು ಬಂದರಿನಲ್ಲಿ ನಿಂತಿದ್ದಾಗ ಯಾವನೋ ಹೇಳಿದ್ದನ್ನು ಕೇಳಿ ಬಂದಿದ್ದಾರೆ ಎಂದು ಪೇಟೆ ತೀರ್ಮಾನಿಸಿತು. ಬುರುಡೆ ಬ್ಯಾರಿ ಎಂಬ ಹೆಸರೂ ಬಿತ್ತು.

ಪಂಚಾಯತು ಚುನಾವಣೆಗೆ ಒಮ್ಮೆ ನಿಂತಿದ್ದರು. ಬಂಟ್ವಾಳ ಮಂಗಳೂರಿನ ಬಾಲವಲ್ಲ, ಪ್ರತಿ ಮನೆಯವರೂ ಶನಿವಾರ ತಮ್ಮ ಮೆಟ್ಟಿಲು ತೊಳೆದರೆ ಸಾಕು, ಊರು ತಾನಾಗಿ ಊರಾಗುತ್ತದೆ ಎಂದು ಮನೆಮನೆಗೆ ಹೋಗಿ ಹೇಳಿದರು. ಜನ ಹೌದೌದು ಎಂದರು. ಗೆದ್ದರೆ ನಿಜವಾಗಿಯೂ ತೊಳೆಸಿಯಾರು ಎಂಬ ಹೆದರಿಕೆಯಲ್ಲಿ ಬೇರೆಯವರಿಗೆ ವೋಟು ಹಾಕಿದರು.

ನಗುವವರ ಜೊತೆ ಬ್ಯಾರಿಗಳೂ ನಗುತ್ತಿದ್ದರು. ಆದರೆ ಒಮ್ಮೆ ಅಂಗಿಯ ಅಳತೆಗೆ ಬಂದವರು ನನ್ನ ಮುಂದೆ ಕೈ ಚಾಚಿ ನಿಂತುಕೊಂಡು, “ಶೇಖರ, ನಾನು ಸುಳ್ಳು ಹೇಳುವವನ ಹಾಗೆ ಕಾಣ್ತೇನಾ?” ಎಂದು ಕೇಳಿದರು. ನಾನು ಟೇಪು ಹಿಡಿದುಕೊಂಡು ಇಲ್ಲ ಎಂದೆ. “ಮತ್ತೆ?” ಎಂದರು. ನಾನು ತೋಳಿನ ಅಳತೆ ಬರೆದುಕೊಂಡೆ. ಅವರಿಗೆ ನೋವಾಗಿತ್ತು, ಅದು ನನಗೆ ಆವತ್ತು ಗೊತ್ತಾಯಿತು.

ಇನ್ನು ಸಾಲಿಹಾಳ ಮದುವೆಯ ಸಂಗತಿ. ಬ್ಯಾರಿಗಳ ತಂಗಿ ರುಕಿಯಾಳನ್ನು ಮೂಡಬಿದ್ರೆ ಹತ್ತಿರದ ಪುತ್ತಿಗೆಗೆ ಕೊಟ್ಟಿದ್ದರು. ಅವಳು ಅದೇ ಊರಿನ ಒಂದು ಸಂಬಂಧ ತಂದಳು. ಹುಡುಗ ಹನೀಫಾ, ಶಾಲೆಯಲ್ಲಿ ಮಾಸ್ಟ್ರು. ತಂದೆ ಅಬ್ದುಲ್ ರವೂಫ್ ಹಾಜಿಯವರಿಗೆ ಮೂಡಬಿದ್ರೆ ಪೇಟೆಯಲ್ಲಿ ಒಳ್ಳೆಮೆಣಸಿನ, ಅಂದರೆ ಕರಿಮೆಣಸಿನ, ವ್ಯಾಪಾರ. ರುಕಿಯಾಳ ಮನೆಯ ಒಂದು ಮದುವೆಯಲ್ಲಿ ಹುಡುಗ ಸಾಲಿಹಾಳನ್ನು ಕಂಡಿದ್ದ, ಸಾಲಿಹಾ ಅವನು ಕಂಡದ್ದನ್ನು ಕಂಡಿದ್ದಳು. ಮೊದಲು ಬಂದ ಸಂಬಂಧಗಳ ಮಾತೆತ್ತಿದಾಗ ಅವಳಿಗೆ ತಲೆನೋವು ಬರುತ್ತಿತ್ತು. ಈ ಸಲ ತಂದೆಯ ಮೇಲೆ ಹಾಕಿ “ಉಪ್ಪ ಹೇಳಿದ ಹಾಗೆ” ಎಂದಳು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಇಲ್ಲ ಎಂದು ಸೈನಬ ನನ್ನ ಹೆಂಡತಿಯ ಹತ್ತಿರ ಹೇಳಿದ್ದಳು.

ನಮ್ಮ ಕಡೆ ಹೆಣ್ಣು ತರುವ ಮೊದಲು ಆ ಮನೆಯ ಆಸುಪಾಸಿನಲ್ಲಿ ವಿಚಾರಿಸುವುದು ರೂಢಿ. ತಾನು ಯಾರೆಂದು ಹೇಳದೆ ಎದುರಿನ ಅಂಗಡಿಯಲ್ಲಿ ಕೂತು, ಬೀಡಿಯೋ ಬಟ್ಟೆಯೋ ತೆಗೆದುಕೊಂಡು, ನಡುವೆ ಒಂದು ಮಾತು ಬಿಟ್ಟು ನೋಡುವುದು. ಆ ದಿನ ಮೂಡಬಿದ್ರೆ ಬಸ್ಸು ಇಳಿದು ಬಂದ ಬಿಳಿ ಗಡ್ಡದ ಹಿರಿಯರು ನನ್ನ ಅಂಗಡಿಗೆ ಬಂದು ಬನಿಯನ್ನಿಗೆ ಬಟ್ಟೆ ಕೇಳಿದಾಗ ನಾನು ಒಳಗೆ ಗಿರಾಕಿಯ ಅಳತೆ ತೆಗೆಯುತ್ತಿದ್ದೆ. ಡೊಂಬಯ್ಯ ನನ್ನ ಬೆಂಚಿನ ಮೇಲೆ ಕೂತಿದ್ದ.

“ಎದುರಿನ ಹೋಟೆಲಿನವರು ಹೇಗೆ, ಒಳ್ಳೆ ಜನವಾ?” ಎಂದು ಹಿರಿಯರು ಕೇಳಿದರು.

ಪರವೂರಿನವರು ಕೇಳಿದರೆಂದರೆ ಡೊಂಬಯ್ಯನಿಗೆ ಹಬ್ಬ. ಪೇಟೆಯ ಒಂದು ವಿಶೇಷವನ್ನು ತೋರಿಸುವ ಉತ್ಸಾಹ.

“ಒಳ್ಳೆಯವರೇ. ಆದರೆ ಬಾಯಿ ತೆರೆದರೆ ಹಾಲೆಂಡು. ನಮ್ಮ ಬುರುಡೆ ಬ್ಯಾರಿಯ ಹಾಗೆ ಸುಳ್ಳು ಪೋಣಿಸುವವರು ಮಂಗಳೂರಿನಲ್ಲೂ ಇಲ್ಲ. ದನ ಕೆಳಗೆ ಮೇಯ್ತದಂತೆ, ದೋಣಿ ಅದರ ಕೊಂಬಿನ ಮೇಲೆ ಹೋಗ್ತದಂತೆ. ಸೇತುವೆ ಎದ್ದು ಸಲಾಂ ಹೊಡೀತದಂತೆ. ಹೋಗಿ ಕೂತು ಕೇಳಿ, ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.”

ನಾನು ಹೊರಗೆ ಬರುವಷ್ಟರಲ್ಲಿ ಹಿರಿಯರು ಎದುರು ಹೋಟೆಲಿನಲ್ಲಿ ಕೂತಾಗಿತ್ತು. ಸುಲೈಮಾನ್ ಬ್ಯಾರಿಗಳು ಹೊಸ ಗಿರಾಕಿ ಸಿಕ್ಕಿದ ಸಂತೋಷದಲ್ಲಿ ಟ್ರಾಮಿನಿಂದ ಹಿಡಿದು ಗಾಳಿಮಿಲ್ಲಿನವರೆಗೆ ಎಲ್ಲವನ್ನೂ ಹೇಳಿದರು. ಹಿರಿಯರು ಕೊನೆಗೆ ಆ ಪ್ರಶ್ನೆಯನ್ನೇ ಕೇಳಿದರು. ಬ್ಯಾರಿಗಳು ಧಾನ್ಯ ಎಂದು ಹೇಳಿ ಒಲೆಯ ಕಡೆ ಹೋದರು. ತಿರುಗಿ ಬರುವಾಗ ಬೆಂಚು ಖಾಲಿಯಾಗಿತ್ತು.

ವಾರ ಕಳೆಯುವುದರೊಳಗೆ ರುಕಿಯಾ ಮುಖ ಸಣ್ಣ ಮಾಡಿಕೊಂಡು ಬಂದಳು. ಬಂದು ಹೋದವರು ಹಾಜಿಯವರೇ. ಒಳ್ಳೆಮೆಣಸಿಗೆ ಪಪ್ಪಾಯಿ ಬೀಜ ಬೆರೆಸುವವರನ್ನು ಕಂಡರೆ ಅಂಗಡಿಯ ಮೆಟ್ಟಿಲು ಹತ್ತಲು ಬಿಡದ ಮನುಷ್ಯ. “ಬಡವರ ಮನೆ ಆದರೆ ತೊಂದರೆ ಇಲ್ಲ. ಮಾತಿಗೆ ಪಪ್ಪಾಯಿ ಬೀಜ ಬೆರೆಸುವವರ ಮನೆಯಿಂದ ಹೆಣ್ಣು ಬೇಡ” ಎಂದು ಹೇಳಿ ಕಳಿಸಿದ್ದರು. ಹನೀಫಾ ಮಾಸ್ಟ್ರು ಎರಡು ದಿನ ಮನೆಯಲ್ಲಿ ಮಾತಾಡಿಲ್ಲವಂತೆ, ತಂದೆಯ ಮಾತು ಮೀರುವವನೂ ಅಲ್ಲವಂತೆ.

ಸೈನಬ ಅತ್ತದ್ದು ನನ್ನ ಅಂಗಡಿಯವರೆಗೆ ಕೇಳಿಸಿತು. “ನಿಮ್ಮ ಹಾಲೆಂಡು ನನ್ನ ಮಗಳ ಬದುಕು ತಿಂದಿತು. ಇನ್ನು ಆ ಊರಿನ ಹೆಸರು ಈ ಮನೆಯಲ್ಲಿ ಕೇಳಬಾರದು.” ಸಾಲಿಹಾ ಹಿತ್ತಲಿನಲ್ಲಿ ಬೆಳಗಿದ ಪಾತ್ರೆಯನ್ನೇ ಮತ್ತೆ ಬೆಳಗುತ್ತಿದ್ದಳಂತೆ.

ನಾನು ಡೊಂಬಯ್ಯನನ್ನು ಹಿಡಿದು ಬಯ್ದೆ. ಏನೆಲ್ಲ ಬಯ್ದೆನೋ ಇಲ್ಲಿ ಬರೆಯುವ ಹಾಗಿಲ್ಲ. ಅವನು ಎಲೆಯ ಕಟ್ಟು ಎದೆಗೆ ಅವುಚಿಕೊಂಡು, “ನನಗೇನು ಗೊತ್ತಿತ್ತು ಮಾರಾಯ, ನಮ್ಮ ಬ್ಯಾರಿಯನ್ನು ಹೊಗಳಿದೆ ಅಂತಲೇ ನಾನು ಎಣಿಸಿದ್ದು” ಎಂದ. ಅದು ಸುಳ್ಳಲ್ಲ. ಪೇಟೆಯಲ್ಲಿ ಎಲ್ಲರೂ ಅವರನ್ನು ಹಾಗೆಯೇ ಹೊಗಳುತ್ತಿದ್ದೆವು.

ಮುಂದಿನ ಶನಿವಾರ ಬಂತು. ನಾನು ಅಂಗಡಿ ತೆಗೆದು ನೋಡಿದರೆ ಎದುರಿನ ಮೆಟ್ಟಿಲಿನ ಮೇಲೆ ಹಿಂದಿನ ದಿನದ ಕೆಸರು ಒಣಗಿಕೊಂಡಿತ್ತು. ಗಿರಾಕಿಗಳು ಚಪ್ಪಲಿ ಹಾಕಿಕೊಂಡೇ ಒಳಗೆ ಹೋದರು. ಚಾ ಬೇಗ ಬಂತು, ಯಾರಿಗೂ ರುಚಿಸಲಿಲ್ಲ. ನನಗೆ ತಡೆಯಲಿಕ್ಕಾಗಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ಹೋಗಿ, “ಬ್ಯಾರಿಗಳೇ, ಮೂಡಬಿದ್ರೆಗೆ ಹೋಗುವ. ಅಂಗಿ ಹಾಕಿ” ಎಂದೆ.

“ನಾನೂ ಅದನ್ನೇ ಎಣಿಸಿದ್ದೇನೆ” ಎಂದರು.

ಬಸ್ಸು ಸಿದ್ದಕಟ್ಟೆ ದಾಟಿತು. ಆಮೇಲೆ ಕಿಟಕಿಯ ಹೊರಗೆ ನೋಡುತ್ತ, “ನಾನು ಹಾಜಿಯವರ ಹತ್ತಿರ ಒಪ್ಪಿಕೊಂಡುಬಿಡ್ತೇನೆ ಶೇಖರ” ಎಂದರು.

“ಏನನ್ನು?”

“ಎಲ್ಲ ತಮಾಷೆಗೆ ಹೇಳಿದ್ದು ಅಂತ. ಹಡಗು ಇಳಿದೇ ಇಲ್ಲ, ಆ ಊರು ನೋಡಿದ್ದೇ ಇಲ್ಲ, ಇನ್ನು ಹೇಳುವುದಿಲ್ಲ ಅಂತ. ತಪ್ಪು ಒಪ್ಪಿದವನನ್ನು ಅವರು ಬಿಟ್ಟಾರು. ಮಗಳಿಗಿಂತ ನೆಲ್ಲಮ್ಮ ದೊಡ್ಡವಳಲ್ಲ.”

ನನಗೆ ಮೈ ಉರಿಯಿತು. ನಿಜ ಹೇಳಿದ ಮನುಷ್ಯ ಸುಳ್ಳುಗಾರನೆಂದು ಸುಳ್ಳು ಹೇಳಿ ಸತ್ಯವಂತನಾಗಬೇಕೇ? ಬಸ್ಸಿನಲ್ಲಿ ಜನ ಇದ್ದರೆಂದು ಬಾಯಿ ಮುಚ್ಚಿಕೊಂಡೆ. ಮಗಳನ್ನು ಹೆತ್ತವರ ಹತ್ತಿರ ನಾನು ಹೆಚ್ಚು ಹೇಳುವ ಹಾಗೂ ಇರಲಿಲ್ಲ.

ಹಾಜಿಯವರ ಅಂಗಡಿಯಲ್ಲಿ ಒಳ್ಳೆಮೆಣಸಿನ ಗೋಣಿಗಳು ಮಾಡಿನವರೆಗೆ ಏರಿದ್ದವು. ಒಳಗೆ ಕಾಲಿಟ್ಟ ಕೂಡಲೇ ಇಬ್ಬರಿಗೂ ಸೀನು ಬಂತು. ಹಾಜಿಯವರು ಗುರುತು ಹಿಡಿದರು, ಕೂರಿಸಿದರು, ಶರಬತ್ತು ತರಿಸಿದರು. ಮರ್ಯಾದೆಯಲ್ಲಿ ಕೊರತೆ ಮಾಡಲಿಲ್ಲ, ಮುಖ ಮಾತ್ರ ಸಡಿಲಿಸಲಿಲ್ಲ. ಹನೀಫಾ ಮಾಸ್ಟ್ರು ಆ ದಿನ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬಂದಿದ್ದವರು, ನಮ್ಮನ್ನು ಕಂಡು ತಕ್ಕಡಿಯ ಹಿಂದೆ ಸರಿದು ನಿಂತರು.

“ಬಂದದ್ದು ಒಳ್ಳೆಯದಾಯಿತು” ಎಂದರು ಹಾಜಿಯವರು. “ನನಗೆ ನಿಮ್ಮ ಮೇಲೆ ದ್ವೇಷ ಇಲ್ಲ. ತಮಾಷೆಗೆ ಹೇಳಿದ್ದು ಅಂತ ನೀವು ಒಂದು ಮಾತು ಹೇಳಿದರೆ ಸಾಕು, ಮುಂದೆ ನೋಡುವ.”

ದಾರಿ ಅವರೇ ಬಿಟ್ಟುಕೊಟ್ಟರು. ಬಾಯಿ ತೆರೆದು ಹೂಂ ಎಂದರೆ ಆಯಿತು. ಸುಲೈಮಾನ್ ಬ್ಯಾರಿಗಳು ಬಾಯಿ ತೆರೆದರು. “ಅದು...” ಎಂದರು. ಶರಬತ್ತಿನ ಗ್ಲಾಸನ್ನು ಕೆಳಗಿಟ್ಟರು. ಮತ್ತೆ “ಅದು ಹಾಜಿಯವರೇ...” ಎಂದರು. ನಾನು ನೆಲ ನೋಡುತ್ತ ಕೂತೆ.

“ಅದು ಸುಳ್ಳಲ್ಲ” ಎಂದರು ಕೊನೆಗೆ. “ಊರು ಉಂಟು. ನಾನು ಅಲ್ಲಿ ಇದ್ದೆ. ನೆಲ್ಲಮ್ಮನ ಕೈಯ ಊಟ ಉಂಡಿದ್ದೇನೆ, ಇಲ್ಲ ಅಂತ ಹೇಳಿದರೆ ಅದು ಹರಾಮು. ಆದರೆ ಒಂದು ಮಾತು ನಾನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ನೀವು ಕೇಳಿದಿರಲ್ಲ, ಆ ಮಿಲ್ಲಿನಲ್ಲಿ ಏನು ಬೀಸ್ತಾರೆ ಅಂತ.”

“ಧಾನ್ಯ ಅಂದಿರಿ.”

“ಧಾನ್ಯವೇ. ಆದರೆ ರೊಟ್ಟಿಗೆ ಅಲ್ಲ. ಶರಾಬಿಗೆ.”

ತಕ್ಕಡಿಯ ಹಿಂದೆ ಮಾಸ್ಟ್ರ ಕೈಯಿಂದ ಒಂದು ತೂಕದ ಕಲ್ಲು ಬಿತ್ತು.

“ಊರಿಗೆ ಊರೇ ಶರಾಬಿನದ್ದು ಹಾಜಿಯವರೇ” ಎಂದು ಬ್ಯಾರಿಗಳು ಒಂದೇ ಉಸಿರಿನಲ್ಲಿ ಹೇಳತೊಡಗಿದರು. “ಬೀದಿಗೊಂದು ಭಟ್ಟಿ. ಚಿಮಣಿಯ ಹೊಗೆಗೆ ಗೋಡೆ ಕಪ್ಪಾಗಿದೆ. ಲೋಕದ ಎಲ್ಲ ಬಂದರುಗಳಿಗೂ ಅಲ್ಲಿಂದಲೇ ಬಾಟ್ಲಿ ಹೋಗುವುದು. ನೆಲ್ಲಮ್ಮನ ಮಕ್ಕಳು ಇಬ್ಬರೂ ಕೆಲಸಕ್ಕಿದ್ದದ್ದು ಭಟ್ಟಿಯಲ್ಲೇ. ನಾನು ಮಲಗಿದ್ದ ಕೋಣೆಯ ಕಿಟಕಿ ತೆರೆದರೆ ಅದೇ ವಾಸನೆ. ನಾನು ಒಂದು ತೊಟ್ಟು ಮುಟ್ಟಿಲ್ಲ, ಅಲ್ಲಾಹನಿಗೆ ಗೊತ್ತು. ಮೂಗಿಗೆ ಮಾತ್ರ ಬಾಗಿಲು ಇಲ್ಲ.”

“ಇದನ್ನು ಯಾಕೆ ಮುಚ್ಚಿಟ್ಟಿರಿ?”

“ಬಂದ ಹೊಸತರಲ್ಲಿ ನನ್ನ ಉಪ್ಪ ಇದ್ದರು, ಐದು ಹೊತ್ತಿನ ನಮಾಜಿನವರು. ಮಗ ಶರಾಬಿನ ಊರಿನಲ್ಲಿ, ಶರಾಬು ಮಾಡುವವರ ಮನೆಯಲ್ಲಿ ಉಂಡು ಬಂದ ಅಂತ ಅವರಿಗೆ ಹೇಗೆ ಹೇಳುವುದು? ಹೇಳಲಿಲ್ಲ. ಆಮೇಲೆ ಮದುವೆ ಆಯಿತು, ಹೇಳಲಿಲ್ಲ. ಮಗಳು ಹುಟ್ಟಿದಳು, ಅವಳ ಎದುರು ಹೇಗೆ ಹೇಳುವುದು? ಹಾಗೆಯೇ ಉಳಿಯಿತು.”

ನಮ್ಮ ಜಿಲ್ಲೆಯಲ್ಲಿ ಆಗ ಪಾನನಿರೋಧ. ಹಿತ್ತಲಿನಲ್ಲಿ ಕಳ್ಳಭಟ್ಟಿ ಇಳಿಸಿದವರನ್ನು ಪೊಲೀಸರು ಹಗ್ಗ ಕಟ್ಟಿ ಕರೆದುಕೊಂಡು ಹೋಗುವ ಕಾಲ. ಹಜ್ಜಿಗೆ ಹೋಗಿ ಬಂದ ಬೀಗರಾಗುವವರ ಎದುರು ಕೂತು ಈ ಮನುಷ್ಯ ಶರಾಬಿನ ಊರಿನ ಅನ್ನ ತಿಂದೆ ಎಂದು ತಾನಾಗಿ ಹೇಳಿಬಿಟ್ಟರಲ್ಲ, ಇನ್ನು ಎದ್ದು ಬಸ್ಸು ಹಿಡಿಯುವುದೇ ಎಂದು ನಾನು ಚಪ್ಪಲಿ ಹುಡುಕತೊಡಗಿದೆ. ಸಾಲಿಹಾಳ ಮುಖ ಕಣ್ಣ ಮುಂದೆ ಬಂತು.

ಹಾಜಿಯವರು ಗಡ್ಡ ನೀವಿಕೊಂಡರು. ಆಮೇಲೆ ಅವರ ಹೆಗಲು ಸಣ್ಣಗೆ ಅಲುಗಿತು. ಅವರು ನಗುತ್ತಿದ್ದರು.

“ಹನೀಫಾ” ಎಂದು ಮಗನನ್ನು ಕರೆದರು. “ಪಪ್ಪಾಯಿ ಬೀಜ ಯಾಕೆ ಬೆರೆಸ್ತಾರೆ?”

“ತೂಕ ಹೆಚ್ಚಾಗಲಿಕ್ಕೆ.”

“ತನ್ನ ತೂಕ ಕಡಿಮೆ ಆಗಲಿಕ್ಕೆ ಯಾರಾದರೂ ಬೆರೆಸಿದ್ದು ನೋಡಿದ್ದೀಯಾ?”

ಮಾಸ್ಟ್ರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಅಷ್ಟು ಜೋರಾಗಿ ತಲೆ ಅಲ್ಲಾಡಿಸುವ ಅಗತ್ಯವಿರಲಿಲ್ಲ.

ಹಾಜಿಯವರು ಸುಲೈಮಾನ್ ಬ್ಯಾರಿಗಳ ಕೈ ಹಿಡಿದುಕೊಂಡರು. “ಈ ಮಾತನ್ನು ಕಟ್ಟಿ ಹೇಳಲಿಕ್ಕೆ ಯಾರಿಂದಲೂ ಆಗುವುದಿಲ್ಲ. ಇದು ನಿಜವಾದರೆ ದೋಣಿಯೂ ನಿಜ, ದನವೂ ನಿಜ. ಮಳೆ ಕಳೆದ ಮೇಲೆ ದಿನ ನೋಡುವ. ನಿಖಾದ ದಿನ ಮಾತ್ರ ಮಿಲ್ಲಿನ ಸುದ್ದಿ ಬೇಡ, ಉಸ್ತಾದರು ಇರ್ತಾರೆ.”

ಬ್ಯಾರಿಗಳಿಗೆ ಕಣ್ಣು ತುಂಬಿತು. ಒಳ್ಳೆಮೆಣಸಿನ ಘಾಟು ಎಂದು ಹೇಳಿ ಒರಸಿಕೊಂಡರು. ನನಗೂ ಅದೇ ಘಾಟು ತಾಗಿತು.

ಮದುವೆ ದೀಪಾವಳಿಯ ಹೊತ್ತಿಗೆ ಆಯಿತು. ಮದುಮಗನ ಕೋಟು ನಾನೇ ಹೊಲಿದೆ. ಶರಾಬಿನ ಸಂಗತಿ ಪೇಟೆಗೆ ಗೊತ್ತಾಗದೆ ಇರಲಿಲ್ಲ. ಸೈನಬಳಿಗೆ ಬ್ಯಾರಿಗಳೇ ಹೇಳಿದರು, ಉಳಿದವರಿಗೆ ಡೊಂಬಯ್ಯ ಸಾಕು. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೆಂದು ಅವನು ಈಗ ಕಂಡಕಂಡವರಿಗೆಲ್ಲ ನಮ್ಮ ಬ್ಯಾರಿ ಹೇಳಿದ್ದು ಅಕ್ಷರಶಃ ಸತ್ಯ ಎಂದು ಸಾರತೊಡಗಿದ. ಅಷ್ಟಕ್ಕೆ ನಿಲ್ಲಿಸಿದ್ದರೆ ಅವನು ಡೊಂಬಯ್ಯ ಆಗುತ್ತಿರಲಿಲ್ಲ. ಅಲ್ಲಿನ ಕಾಲುವೆಯಲ್ಲಿ ಹರಿಯುವುದೇ ಶರಾಬು, ಅದಕ್ಕೇ ದಂಡೆ ಅಷ್ಟು ಎತ್ತರಕ್ಕೆ ಕಟ್ಟಿದ್ದು, ಒಂದು ತೊಟ್ಟು ಹೊರಗೆ ಹೋಗಬಾರದಲ್ಲ ಎಂದ. ಪಾನನಿರೋಧದಲ್ಲಿ ಗಂಟಲು ಒಣಗಿದ್ದ ಬಂಟ್ವಾಳದ ಗಂಡಸರು ಇದನ್ನು ಒಂದೇ ಸಲಕ್ಕೆ ನಂಬಿದರು. ಸ್ಕೀಡಾಮಿಗೆ ಹೋಗುವುದು ಯಾವ ಕಡೆಯಿಂದ ಎಂದು ಬ್ಯಾರಿಗಳನ್ನು ಕೇಳುವವರೂ ಹುಟ್ಟಿಕೊಂಡರು. “ಕಾಲುವೆಯಲ್ಲಿ ನೀರೇ ಮಾರಾಯ, ನೀರು” ಎಂದು ಅವರು ಹೇಳಿದರೆ, “ನೀವು ಮೊದಲೂ ಹೀಗೆಯೇ ಮುಚ್ಚಿಟ್ಟಿದ್ರಿ” ಎಂದು ಕಣ್ಣು ಮಿಟುಕಿಸುತ್ತಿದ್ದರು.

ಸಾಲಿಹಾ ಪುತ್ತಿಗೆಗೆ ಹೊರಟ ದಿನದ ಒಂದು ಮಾತನ್ನು ಬ್ಯಾರಿಗಳು ನನಗೆ ಹೇಳಿದ್ದುಂಟು. ಬಾಗಿಲಲ್ಲಿ ನಿಂತಿದ್ದ ಮಗಳ ಹತ್ತಿರ ಅವರು, “ನಿನ್ನ ಉಪ್ಪ ಸುಳ್ಳುಗಾರ ಅಂತ ಎಷ್ಟು ವರ್ಷ ಕೇಳಿಸಿಕೊಂಡೆ ಮಗಳೇ, ಬೇಜಾರು ಮಾಡಬೇಡ” ಎಂದರಂತೆ.

“ನಾನು ಯಾವತ್ತೂ ಹಾಗೆ ಎಣಿಸಲಿಲ್ಲ ಉಪ್ಪಾ” ಎಂದಳಂತೆ ಅವಳು. “ಟ್ರಾಮ್, ಸೇತುವೆ, ದೋಣಿ ಎಲ್ಲ ಹೇಳುವಾಗ ನೀವು ನನ್ನ ಮುಖ ನೋಡಿ ಹೇಳ್ತಿದ್ರಿ. ಮಿಲ್ಲು ಬಂದಾಗ ಮಾತ್ರ ಒಲೆ ನೋಡ್ತಿದ್ರಿ. ಅಲ್ಲೇ ಏನೋ ಉಂಟು, ಬಾಕಿ ಎಲ್ಲ ನಿಜ ಅಂತ ನನಗೆ ಸಣ್ಣದಿರುವಾಗಲೇ ಗೊತ್ತಿತ್ತು.”

ಇದನ್ನು ಹೇಳುವಾಗ ಬ್ಯಾರಿಗಳು ತೆಂಗಿನ ಸಿಪ್ಪೆ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿನ ಮೇಲೆ ಕೂತಿದ್ದರು. ಬೀದಿಯಲ್ಲಿ ಜನ ಮಾಮೂಲಿನಂತೆ ಚಾಕ್ಕೆ ಕಾಯುತ್ತಿದ್ದರು. ಅವರು ಹೊತ್ತಾಯಿತೆಂದು ಎದ್ದು ಮತ್ತೆ ತಿಕ್ಕತೊಡಗಿದರು.

ನಾಲ್ಕೈದು ತಿಂಗಳ ಮೇಲೆ ಒಂದು ಶನಿವಾರ ನನಗೆ ಮೂಡಬಿದ್ರೆಯಲ್ಲಿ ಕೆಲಸವಿತ್ತು. ಸೈನಬ ಮಗಳಿಗೆಂದು ಕೊಟ್ಟ ತಿಂಡಿಯ ಡಬ್ಬಿ ಹಿಡಿದುಕೊಂಡು ಬೆಳಿಗ್ಗೆಯೇ ಪುತ್ತಿಗೆಗೆ ನಡೆದೆ. ಹಾಜಿಯವರ ಮನೆಯ ಅಂಗಳಕ್ಕೆ ತಿರುಗಿದಾಗ ಜಗಲಿಯ ಮೆಟ್ಟಿಲಿನ ಹತ್ತಿರ ಯಾರೋ ಬಗ್ಗಿ ಕೂತಿದ್ದರು. ಪಕ್ಕದಲ್ಲಿ ಬಾಲ್ದಿ. ಬಾಗಿಲಲ್ಲಿ ನಿಂತ ಸಾಲಿಹಾ ಸೆರಗನ್ನು ತಲೆಗೆ ಎಳೆದುಕೊಳ್ಳುತ್ತ, “ಆ ಮೂಲೆ ಉಳಿಯಿತು ಮಾವ” ಎನ್ನುತ್ತಿದ್ದಳು. ಬಗ್ಗಿದ್ದವರು ತಲೆ ಎತ್ತಿದರು. ಲುಂಗಿ ಮೊಣಕಾಲಿಗೆ ಕಟ್ಟಿಕೊಂಡು, ಬಿಳಿ ಗಡ್ಡದಲ್ಲಿ ಬೂದಿ ಮೆತ್ತಿಕೊಂಡು, ಕೈಯಲ್ಲಿ ತೆಂಗಿನ ಸಿಪ್ಪೆ ಹಿಡಿದ ಅಬ್ದುಲ್ ರವೂಫ್ ಹಾಜಿಯವರು.

ಅವರು ನನ್ನನ್ನು ನೋಡಿದರು, ನಾನು ಮೆಟ್ಟಿಲು ನೋಡಿದೆ.

“ಶೇಖರ, ಪೇಟೆಯಲ್ಲಿ ಇದನ್ನು ಹೇಳಬೇಡ” ಎಂದರು.

“ಹಾಜಿಯವರು ಶನಿವಾರ ಏನು ಮಾಡ್ತಾರೆ ಅಂತ ಯಾರಾದರೂ ಕೇಳಿದರೆ ಏನು ಹೇಳಲಿ?”

ಹಾಜಿಯವರು ಸಿಪ್ಪೆಯನ್ನು ಬಾಲ್ದಿಗೆ ಅದ್ದಿ, ಉಳಿದ ಮೂಲೆಯ ಕಡೆ ತಿರುಗಿ ಕೂತರು.

“ಧಾನ್ಯ ಬೀಸ್ತಾರೆ ಅಂತ ಹೇಳು.”